ಮನೆಯಲ್ಲಿ ತೆಲುಗು, ಪಾಟಿ (ಅಜ್ಜಿ) ಜೊತೆ ತಮಿಳು: ಮಗಳು ಕನ್ನಡದಲ್ಲಿ ‘ಅಕ್ಕ ಬಂತು’ ಅಂತ ಬರೀತಾಳೆ

ಪ್ರಶ್ನೆ:
ಮುಳಬಾಗಿಲು ಕಡೆಯವರು, ಮನೆಮಾತು ತೆಲುಗು. ಮಗಳು ರಜೆ ಪೂರ್ತಿ ಕೆಜಿಎಫ್‌ನಲ್ಲಿ ಪಾಟಿ ಮನೆಯಲ್ಲಿರ್ತಾಳೆ, ಅಲ್ಲಿ ಬರೀ ತಮಿಳು. ಈಗ ಎರಡನೇ ಕ್ಲಾಸು, ಕನ್ನಡ ಮೀಡಿಯಂ. ನೋಟ್‌ಬುಕ್ಕಿನಲ್ಲಿ ‘ಅಕ್ಕ ಊರಿಂದ ಬಂತು’, ‘ಅಮ್ಮ ಅಡಿಗೆ ಮಾಡ್ತು’ ಅಂತೆಲ್ಲ ಇರುತ್ತೆ. ಮನೆಯಲ್ಲೂ ಕನ್ನಡಾನೇ ಮಾತಾಡ್ಬೇಕಾ?

ಉತ್ತರ 1:
ಬೇಡ, ಮನೆಮಾತು ಬಿಡಿಸಬೇಡಿ. ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು; 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಬರವಣಿಗೆಗೆ.

ತಪ್ಪು ಎಲ್ಲಿಂದ ಬರ್ತಿದೆ ನೋಡಿ. ತೆಲುಗಲ್ಲಿ ‘ಅಕ್ಕ ವಚ್ಚಿಂದಿ’, ‘ಕುಕ್ಕ ವಚ್ಚಿಂದಿ’: ಹೆಂಗಸಿಗೂ ನಾಯಿಗೂ ಕ್ರಿಯಾಪದ ಒಂದೇ. ಮಗು ಅದೇ ಲೆಕ್ಕವನ್ನ ಕನ್ನಡಕ್ಕೆ ತಂದಿದೆ, ಅದು ದಡ್ಡತನ ಅಲ್ಲವೇ ಅಲ್ಲ. ಇಲ್ಲಿ ಪಾಟಿಯ ತಮಿಳೇ ಕೈಹಿಡಿಯುತ್ತೆ: ವಂದಾನ್, ವಂದಾಳ್, ವಂದುಚ್ಚು. ಅದರ ಪಕ್ಕದಲ್ಲೇ ಕನ್ನಡದ ಮೂರನ್ನೂ ಹೇಳಿಸಿ: ಅಣ್ಣ ಬಂದ, ಅಕ್ಕ ಬಂದಳು, ನಾಯಿ ಬಂತು. ಹೋದ, ತಿಂದ, ಓಡಿದ ಅಂತ ದಿನಕ್ಕೊಂದು ಕ್ರಿಯಾಪದ, ಐದು ನಿಮಿಷ ಸಾಕು. ಮಾತಿನ ಮಧ್ಯೆ ತಪ್ಪಿದರೆ ತಡೆದು ತಿದ್ದಬೇಡಿ, ಮಗು ಮಾತೇ ನಿಲ್ಲಿಸಿಬಿಡುತ್ತೆ. ‘ಹೌದಾ, ಅಕ್ಕ ಬಂದಳಾ?’ ಅಂತ ಸರಿಯಾದ ರೂಪದಲ್ಲೇ ತಿರುಗಿ ಕೇಳಿ.

ಉತ್ತರ 2:
ಪದಗಳಿಗೆ ‘ಪ’ದ ದಾರಿ ಹಿಡೀರಿ. ತೆಲುಗಿನ ಪಾಲು, ಪುಲಿ, ಪಾಮು ಕನ್ನಡದಲ್ಲಿ ಹಾಲು, ಹುಲಿ, ಹಾವು. ಹಳಗನ್ನಡದಲ್ಲೂ ‘ಪಾಲ್’, ‘ಪುಲಿ’ ಅಂತಲೇ ಇತ್ತು, ಆಮೇಲೆ ಪ ಹೋಗಿ ಹ ಆಯ್ತು. ಆದರೆ ಇದನ್ನ ನಿಯಮ ಅಂತ ಬಾಯಿಪಾಠ ಮಾಡಿಸಿದರೆ ಪುಸ್ತಕ ‘ಹುಸ್ತಕ’ ಆಗುತ್ತೆ! ಸಂಸ್ಕೃತದಿಂದ ಬಂದ ಪದಕ್ಕೆ ಇದು ನಡೆಯಲ್ಲ. ಜೋಡಿ ಜೋಡಿಯಾಗಿ ತೋರಿಸಿ, ಅಷ್ಟೇ.

ಒಂದೇ ಥರ ಕೇಳಿಸೋ ಪದಗಳನ್ನ ಬೇರೆಯಾಗಿ ಹೇಳಿಕೊಡಿ. ತೆಲುಗಲ್ಲಿ ‘ಎದ್ದು’ ಅಂದ್ರೆ ಎತ್ತು, ‘ಕಲ್ಲು’ ಅಂದ್ರೆ ಸೇಂದಿ, ‘ಇಲ್ಲು’ ಅಂದ್ರೆ ಮನೆ. ಪಾಠದಲ್ಲಿ ‘ಎದ್ದು ಬಂದ’ ಅಂತ ಓದಿದಾಗ ಮಗುವಿನ ಕಣ್ಣಮುಂದೆ ಎತ್ತು ಬಂದಿರಬಹುದು.

ಉತ್ತರ 3:
ಬರವಣಿಗೆ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ತೆಲುಗು ಅಕ್ಷರವನ್ನೂ ಕಲಿಸ್ತಿದ್ದರೆ ಗ, ಜ, ನ ತೊಂದರೆ ಕೊಡಲ್ಲ. ಕ, ತ, ಶ ಎರಡರಲ್ಲೂ ಬೇರೆ ಬೇರೆ, ಅವನ್ನ ಹೆಚ್ಚು ತಿದ್ದಿಸಿ. ಕೀ, ಕೇ, ಕೋ ಬರೆಯುವಾಗ ಕನ್ನಡದಲ್ಲಿ ದೀರ್ಘದ ಗುರುತು ಅಕ್ಷರದ ಪಕ್ಕಕ್ಕೆ ಬರುತ್ತೆ, ತೆಲುಗಲ್ಲಿ ತಲೆಮೇಲೇ ಮುಗಿಯುತ್ತೆ. ‘ಕೇಳು’ ಹೋಗಿ ‘ಕೆಳು’ ಆಗೋದು ಅಲ್ಲೇ. ತಮಿಳಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕಾಗುಣಿತ ಕೈಗೆ ಕೂರೋವರೆಗೆ ತಮಿಳು ಓದಿಸೋದು ಬೇಡ; ಪಾಟಿ ಹತ್ರ ಕಥೆ, ಹಾಡು, ಹಠ ಎಲ್ಲಾ ತಮಿಳಲ್ಲೇ ನಡೀಲಿ.