ಏರ್‌ಸಾಫ್ಟ್ ಎಂ4 ಬ್ಯಾರಲ್ ಅಲ್ಲಾಡ್ತಿದೆ, ಏನು ಮಾಡೋದು?

ಪ್ರಶ್ನೆ (ಲೆಸ್ಟರ್, ಇಂಗ್ಲೆಂಡ್):
ನಮಸ್ಕಾರ ಸರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಂ4 ಏರ್‌ಸಾಫ್ಟ್ ರೈಫಲ್ (ಪ್ಲಾಸ್ಟಿಕ್ ಗುಂಡು ಹೊಡೆಯೋ ಆಟದ ಗನ್) ತಗೊಂಡೆ. ಬ್ಯಾಟರೀದು, ಮೆಟಲ್ ಬಾಡಿ. ಬ್ಯಾರಲ್ ತುದಿ ಹಿಡಿದು ಅಲ್ಲಾಡಿಸಿದರೆ ಎರಡು ಮೂರು ಮಿಲಿಮೀಟರ್ ಆಟ ಇದೆ, ಒಳಗಡೆ ಟಕ್ ಟಕ್ ಅಂತ ಸದ್ದೂ ಬರುತ್ತೆ. ಹೊಡೆದರೆ ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಸೂಪರ್ ಗ್ಲೂ ಹಾಕಿ ಕೂರಿಸ್ಬಿಡು ಅಂತಾನೆ ಫ್ರೆಂಡ್. ಹಾಕಲಾ?

ಉತ್ತರ (ಏರ್‌ಸಾಫ್ಟ್ ರಿಪೇರಿ ಟೆಕ್ನಿಷಿಯನ್):
ಬೇಡ ಮಾರಾಯ್ರೇ! ನಾಳೆ ಹಾಪ್-ಅಪ್ (ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ಭಾಗ) ರಬ್ಬರ್ ಬದಲಿಸಬೇಕಾದರೂ ಬ್ಯಾರಲ್ ಬಿಚ್ಚಲೇಬೇಕು. ಅಂಟಿಸಿ ತಂದ ಗನ್ ಬಿಚ್ಚುವಾಗ ರಿಸೀವರ್ (ಗನ್ನಿನ ಮುಖ್ಯ ಬಾಡಿ) ಕತ್ತೇ ಮುರಿದು ಬರ್ತದೆ.

ಮೊದಲು ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿ. ಮ್ಯಾಗಜಿನ್ ತೆಗೀರಿ. ಅದು ತೆಗೆದ ಮೇಲೂ ಹಾಪ್-ಅಪ್‌ನಲ್ಲಿ ಒಂದೆರಡು ಬಿಬಿ (ಪ್ಲಾಸ್ಟಿಕ್ ಗುಂಡು) ಕೂತಿರ್ತವೆ, ಹಾಗಾಗಿ ಯಾರೂ ಇಲ್ಲದ ದಿಕ್ಕಿಗೆ ಸೆಮಿಯಲ್ಲಿ (ಒಂದೊಂದೇ ಗುಂಡಿನ ಸೆಟ್ಟಿಂಗ್) ನಾಲ್ಕೈದು ಸಲ ಹೊಡೆದು ಖಾಲಿ ಮಾಡಿ. ಆಮೇಲೆ ಬ್ಯಾಟರಿ ಕಳಚಿ.

ಈಗ ಅಲ್ಲಾಡುವುದು ಯಾವುದು ಅಂತ ಹುಡುಕಿ. ಸ್ಪ್ಯಾನರ್ ಆಮೇಲೆ. ರಿಸೀವರನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಬ್ಯಾರಲ್ ಅಲ್ಲಾಡಿಸಿ, ಕಣ್ಣು ಕೀಲಿನ ಹತ್ತಿರ ಇಡಿ. ಮೇಲಿನ ರಿಸೀವರೇ ಕೆಳಗಿನದರ ಮೇಲೆ ಕುಲುಕ್ತಾ ಇದ್ದರೆ ತಪ್ಪು ಬ್ಯಾರಲ್‌ದಲ್ಲ, ಮುಂದಿನ ಬಾಡಿ ಪಿನ್‌ದು. ಆ ಪಿನ್ ಹತ್ತಿರ ಒಂದು ತೆಳು ಓ-ರಿಂಗ್ ಸೇರಿಸಿದರೆ ಸಾಕು. ಬ್ಯಾರಲ್‌ನ ಮುಂಭಾಗ ಮಾತ್ರ ತಿರುಗಿದರೆ ಎರಡು ತುಂಡಿನ ಔಟರ್ ಬ್ಯಾರಲ್‌ನ (ಹೊರಗೆ ಕಾಣುವ ಕೊಳವೆ) ಥ್ರೆಡ್ ಸಡಿಲ ಆಗಿದೆ ಅಂತ ಅರ್ಥ. ಹ್ಯಾಂಡ್‌ಗಾರ್ಡ್ (ಬ್ಯಾರಲ್ ಸುತ್ತಲಿನ ಹಿಡಿ) ಸಮೇತ ಇಡೀ ಬ್ಯಾರಲ್ ಬುಡದಿಂದಲೇ ಅಲ್ಲಾಡಿದರೆ ಬ್ಯಾರಲನ್ನು ರಿಸೀವರ್‌ಗೆ ಬಿಗಿಯುವ ಬ್ಯಾರಲ್ ನಟ್ ಸಡಿಲ. ಹೊರಗೆಲ್ಲ ಗಟ್ಟಿ, ಒಳಗೆ ಮಾತ್ರ ಸದ್ದು ಅಂದರೆ ಇನ್ನರ್ ಬ್ಯಾರಲ್, ಅಂದರೆ ಬಿಬಿ ಹಾದುಹೋಗುವ ಒಳಕೊಳವೆ.

ನೀವು ಹೇಳಿದ್ದು ನೋಡಿದರೆ ನಟ್ ಮತ್ತು ಇನ್ನರ್ ಬ್ಯಾರಲ್, ಎರಡೂ ಇರಬಹುದು. ಬಾಡಿ ಪಿನ್ ತೆಗೆದು ಮೇಲಿನ ರಿಸೀವರನ್ನು ಮುಂದಕ್ಕೆ ಜಾರಿಸಿ. ಬ್ಯಾಟರಿ ವೈರ್ ಹ್ಯಾಂಡ್‌ಗಾರ್ಡ್ ಒಳಗೆ ಬರುವ ಮಾದರಿಯಾದರೆ ಎಳೀಬೇಡಿ, ಮೆಲ್ಲ ಬಿಡಿಸಿಕೊಳ್ಳಿ. ಹಾಪ್-ಅಪ್ ಮತ್ತು ಇನ್ನರ್ ಬ್ಯಾರಲ್ ಹಿಂದಿನಿಂದ ಹೊರಗೆ ಬರ್ತದೆ. ಪುಟ್ಟ ಸ್ಪ್ರಿಂಗ್ ಒಂದಿರ್ತದೆ, ಅದು ಹಾರಿ ಸೋಫಾ ಕೆಳಗೆ ಹೋದರೆ ನನ್ನ ಬೈಬೇಡಿ. ಇನ್ನು ರಿಸೀವರ್ ಕತ್ತಿನ ಅಡಿಭಾಗ ನೋಡಿ. ಕೆಲವು ಮಾದರಿಯಲ್ಲಿ ಅಲ್ಲಿ ಸಣ್ಣ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಇರ್ತವೆ, 1.5 ಅಥವಾ 2 ಎಂಎಂ ಅಲೆನ್ ಕೀ ಬೇಕು. ನಟ್ ಬಿಗಿ ಮಾಡುವ ಮೊದಲು ಅವನ್ನು ಸಡಿಲಿಸಿ, ಕೊನೆಗೆ ಬಿಗಿ ಮಾಡಿ.

ನಟ್‌ನ ಥ್ರೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಣ್ಣೆ ಒರೆಸಿ. ಎರಡು ಹನಿ ನೀಲಿ ಥ್ರೆಡ್ ಲಾಕರ್ (ಥ್ರೆಡ್ ಸಡಿಲ ಆಗದಂತೆ ಹಿಡಿಯುವ ದ್ರವ) ಹಚ್ಚಿ, ಉದಾಹರಣೆಗೆ ಲಾಕ್‌ಟೈಟ್ 243. ನಟ್ ಬಿಗಿ ಮಾಡಿ ಒಂದು ದಿನ ಬಿಡಿ. ಕೆಂಪು ಹಚ್ಚಬೇಡಿ, ಅದನ್ನು ಬಿಚ್ಚಲು ಚೆನ್ನಾಗಿ ಬಿಸಿ ಮಾಡಬೇಕಾಗ್ತದೆ. ಎಷ್ಟೋ ರಿಸೀವರ್‌ಗಳು ಸತುವಿನ ಮಿಶ್ರಲೋಹದವು, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಜೋರು ತೋರಿಸಿದರೆ ಥ್ರೆಡ್ ಕಿತ್ತು ಬರ್ತದೆ.

ಪ್ರಶ್ನೆ (ಅವರೇ):
ನಟ್ ಸಡಿಲ ಇತ್ತು ಸರ್, ಬಿಗಿ ಮಾಡಿದೆ. ಆದರೂ ಬ್ಯಾರಲ್ ಕೂದಲೆಳೆಯಷ್ಟು ಎಡಬಲ ತಿರುಗುತ್ತೆ. ಒಳಗಿನ ಸದ್ದೂ ಹೋಗಿಲ್ಲ.

ಉತ್ತರ:
ಬ್ಯಾರಲ್ ಬುಡದಲ್ಲಿ ಒಂದು ಪುಟ್ಟ ಪಿನ್ ಇದೆಯಾ ನೋಡಿ, ಅದು ರಿಸೀವರ್‌ನ ಕಚ್ಚಿನಲ್ಲಿ ಕೂರಬೇಕು. ಸವೆದಿದ್ದರೆ ಹೀಗೆ ತಿರುಗ್ತದೆ. ಕೋಕ್ ಕ್ಯಾನಿನ ಗೋಡೆ ಸುಮಾರು 0.1 ಎಂಎಂ ದಪ್ಪ, ಅದರಿಂದ ಸಣ್ಣ ಪಟ್ಟಿ ಕತ್ತರಿಸಿ ಬುಡಕ್ಕೆ ಸುತ್ತಿ ಕೂರಿಸಿ. ಅಂಚು ಕೈ ಕೊಯ್ತದೆ, ಹುಷಾರು. ಕರೆಂಟ್ ಕೆಲಸದ ಕಪ್ಪು ಟೇಪ್ ಬೇಡ, ಬಿಸಿಗೆ ಅಂಟು ಇಳಿದು ಗಲೀಜಾಗ್ತದೆ.

ಒಳಗಿನದಕ್ಕೆ ನಲ್ಲಿ ರಿಪೇರಿಯ ಬಿಳಿ ಟೆಫ್ಲಾನ್ ಟೇಪ್. ಇನ್ನರ್ ಬ್ಯಾರಲ್‌ನ ನಡುವೆ ಒಂದು ಕಡೆ, ತುದಿ ಹತ್ತಿರ ಒಂದು ಕಡೆ, ಎರಡೇ ಕಡೆ ಸುತ್ತಿ. ಸ್ವಲ್ಪ ಒತ್ತಿದರೆ ಜಾರುವಷ್ಟೇ ಬಿಗಿ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ: ಬಿಗಿ ಆದಷ್ಟೂ ಒಳ್ಳೇದು ಅಂತ ಸುತ್ತಿದ್ದೇ ಸುತ್ತಿದ್ದು. ಆ ಪುಟ್ಟ ಸ್ಪ್ರಿಂಗ್ ಹಾಪ್-ಅಪ್ಪನ್ನು ಹಿಂದಕ್ಕೆ ತಳ್ಳಿ ನಾಝಲ್‌ಗೆ (ಬಿಬಿಯ ಹಿಂದೆ ಗಾಳಿ ಬಿಡುವ ಕೊಳವೆ) ಒತ್ತಿ ಹಿಡಿಯಬೇಕು. ಬ್ಯಾರಲ್ ಸಿಕ್ಕಿಕೊಂಡರೆ ಅಲ್ಲಿ ಸಂದು ಬಿದ್ದು ಗಾಳಿ ಸೋರ್ತದೆ, ಸ್ಪೀಡ್ ಇಳೀತದೆ. ಹಾಪ್-ಅಪ್ಪನ್ನು ಹೆಬ್ಬೆರಳಿನಲ್ಲಿ ಮುಂದಕ್ಕೆ ಒತ್ತಿ ಬಿಡಿ. ತಾನಾಗಿ ವಾಪಸ್ ಬಂದರೆ ಸರಿ, ಬರದಿದ್ದರೆ ಒಂದು ಸುತ್ತು ಬಿಚ್ಚಿ.

ಜೋಡಿಸಿದ ಮೇಲೆ ಕ್ರೋನೊ (ಗುಂಡಿನ ವೇಗದ ಅಳತೆ) ಮಾಡಿಸದೆ ಆಡಬೇಡಿ. ಇಂಗ್ಲೆಂಡಿನಲ್ಲಿ ಆಟೋಮ್ಯಾಟಿಕ್‌ಗೆ ಕಾನೂನಿನ ಮಿತಿ 1.3 ಜೌಲ್. ಬಹಳ ಆಟದ ಸೈಟ್‌ಗಳಲ್ಲಿ 0.20 ಗ್ರಾಂ ಬಿಬಿಗೆ 350 ಎಫ್‌ಪಿಎಸ್ (ಸೆಕೆಂಡಿಗೆ ಅಡಿ) ಮಾತ್ರ, ಅದು ಸುಮಾರು 1.14 ಜೌಲ್ ಆಯ್ತು. ಸೋರಿಕೆ ನಿಂತರೆ ಸ್ಪೀಡ್ ಏರುವುದೂ ಉಂಟು.

ಪ್ರಶ್ನೆ (ಶಿವಮೊಗ್ಗ):
ನನ್ನದು ಏರ್‌ಸಾಫ್ಟ್ ಅಲ್ಲ ಸರ್, .177 (ಇಂಚು) ಏರ್ ರೈಫಲ್, ಬ್ಯಾರಲ್ ಕೆಳಕ್ಕೆ ಮಡಚಿ ಲೋಡ್ ಮಾಡೋದು. ಅದೂ ಪಕ್ಕಕ್ಕೆ ಆಡ್ತಿದೆ. ಟೇಪ್ ಸುತ್ತಬಹುದಾ?

ಉತ್ತರ:
ಬೇಡ, ಅದರ ಕತೆಯೇ ಬೇರೆ. ಅಲ್ಲಿ ಬ್ಯಾರಲ್ ಒಂದು ಪಿವಟ್ ಬೋಲ್ಟ್ ಮೇಲೆ ತಿರುಗ್ತದೆ. ಪಕ್ಕದಲ್ಲಿ ಲಾಕ್ ಸ್ಕ್ರೂ ಇದ್ದರೆ ಮೊದಲು ಅದನ್ನು ಬಿಡಿಸಿ, ಬೋಲ್ಟನ್ನು ಕಾಲು ಕಾಲು ಸುತ್ತು ಬಿಗಿ ಮಾಡಿ ನೋಡಿ, ಲಾಕ್ ಸ್ಕ್ರೂ ವಾಪಸ್ ಹಾಕಿ. ಮುಚ್ಚಿದಾಗ ತುದಿ ಪಕ್ಕಕ್ಕೆ ಆಡಬಾರದು, ತೆರೆಯುವಾಗ ತೀರಾ ಬಿಗಿಯಾಗಿ ಹಿಡಿದಂತೆಯೂ ಆಗಬಾರದು. ಬೋಲ್ಟ್ ಬದಲು ಬರೀ ಪಿನ್ ಇದ್ದರೆ ಒಳಗಿನ ವಾಷರ್ ಸವೆದಿರ್ತದೆ, ಅದನ್ನು ಗೊತ್ತಿದ್ದವರ ಕೈಗೆ ಕೊಡಿ. ಬ್ಯಾರಲ್ ಪೂರ್ತಿ ಎಳೆದು ಕಾಕ್ ಮಾಡಿ (ಒಳಗಿನ ಸ್ಪ್ರಿಂಗ್ ಬಿಗಿದು) ತೆರೆದಿಟ್ಟು ಪರೀಕ್ಷೆ ಮಾಡುವಾಗ ಟ್ರಿಗರ್ ಹತ್ತಿರ ಬೆರಳು ತರಬೇಡಿ. ಸ್ಪ್ರಿಂಗ್ ಬಿಟ್ಟರೆ ಬ್ಯಾರಲ್ ರಪ್ಪನೆ ಮೇಲಕ್ಕೆ ಬಡಿದು ಬೆರಳು ಜಜ್ಜುತ್ತದೆ, ಬ್ಯಾರಲ್ಲೂ ಬಾಗ್ತದೆ.