ತಾಲ್ಲೂಕು ನ್ಯಾಯಾಲಯದ ಸುಧಾರಣೆಗೆ ಹೈಕೋರ್ಟಿನ ಬಾಗಿಲನ್ನೇ ತಟ್ಟಬೇಕೆ?

ಕಿರಿಯ ವಕೀಲ (ಪ್ರಶ್ನೆ):

ಮಾನ್ಯರೇ, ನಾನು ವಕೀಲಿಕೆ ಆರಂಭಿಸಿ ನಾಲ್ಕು ವರ್ಷಗಳಾದವು. ಜಾಮೀನು ಮಂಜೂರಾಗಿದ್ದರೂ ಜಾಮೀನುದಾರರು ಸಿಗದೆ ಸೆರೆಮನೆಯಲ್ಲೇ ಉಳಿದವರನ್ನು, ವಾಯಿದೆಯ ಮೇಲೆ ವಾಯಿದೆ ಪಡೆದು ಬರಿಗೈಯಲ್ಲಿ ಊರಿಗೆ ಮರಳುವ ಕಕ್ಷಿದಾರರನ್ನು ದಿನವೂ ಕಾಣುತ್ತಿದ್ದೇನೆ. ಈ ಸ್ಥಿತಿಯನ್ನು ಸರಿಪಡಿಸಲು ಏನಾದರೂ ಮಾಡಬೇಕೆಂದು ನಾವು ಐದಾರು ಮಂದಿ ಕಿರಿಯರು ಯೋಚಿಸಿದ್ದು, ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸುವುದೇ ಸರಿಯಾದ ಮಾರ್ಗವೆಂದು ಕೆಲವರು ಹೇಳುತ್ತಿದ್ದಾರೆ. ಅನುಭವಿಗಳ ಅಭಿಪ್ರಾಯವೇನು?

ಹಿರಿಯ ವಕೀಲರು:

ಹಿತಾಸಕ್ತಿ ಅರ್ಜಿಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. 1979ರಲ್ಲಿ ಬಿಹಾರದ ಸೆರೆಮನೆಗಳ ಸ್ಥಿತಿಯ ಕುರಿತ ಪತ್ರಿಕಾ ಲೇಖನವನ್ನೇ ಆಧಾರವಾಗಿಟ್ಟುಕೊಂಡು ವಕೀಲೆ ಕಪಿಲಾ ಹಿಂಗೋರಾನಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಹುಸೇನಾರಾ ಖಾತೂನ್ ಎಂಬ ಕೈದಿಯ ಹೆಸರಿನಲ್ಲೇ ಪ್ರಸಿದ್ಧವಾದ ಆ ಪ್ರಕರಣದಲ್ಲಿ, ತ್ವರಿತ ವಿಚಾರಣೆಯು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ರಕ್ಷಿಸುವ ಸಂವಿಧಾನದ 21ನೇ ವಿಧಿಯ ಭಾಗವೆಂದು ನ್ಯಾಯಾಲಯ ಸಾರಿತು. ಆರೋಪ ಸಾಬೀತಾಗಿದ್ದರೂ ವಿಧಿಸಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಸೆರೆಯಲ್ಲಿ ಕಳೆದಿದ್ದವರು ಆ ಕೈದಿಗಳಲ್ಲಿದ್ದರು.

ಆದರೆ ಅಂದಿಗೂ ಇಂದಿಗೂ ವ್ಯತ್ಯಾಸವಿದೆ. ಪ್ರಚಾರಕ್ಕಾಗಿ ಸಲ್ಲಿಕೆಯಾಗುವ ಅರ್ಜಿಗಳು ಹೆಚ್ಚಿದ್ದರಿಂದ, ಅರ್ಜಿದಾರರ ಪೂರ್ವಾಪರವನ್ನು ಪರಿಶೀಲಿಸಬೇಕೆಂದೂ ಈ ಕುರಿತು ಹೈಕೋರ್ಟುಗಳು ನಿಯಮ ರೂಪಿಸಬೇಕೆಂದೂ ಸುಪ್ರೀಂ ಕೋರ್ಟ್ 2010ರಲ್ಲಿ ಸೂಚಿಸಿತು. ‘ನಮ್ಮ ತಾಲ್ಲೂಕಿನಲ್ಲಿ ನ್ಯಾಯ ವಿಳಂಬವಾಗುತ್ತಿದೆ’ ಎಂಬ ಸಾಮಾನ್ಯ ದೂರನ್ನು ಹೊತ್ತು ಹೋದರೆ ಮೊದಲ ದಿನವೇ ಹಿಂದಿರುಗಬೇಕಾದೀತು. ಯಾರು, ಎಷ್ಟು ದಿನದಿಂದ, ಯಾವ ಆದೇಶ ಜಾರಿಯಾಗದೆ ಒಳಗಿದ್ದಾರೆ ಎಂಬ ಪಟ್ಟಿ ನಿಮ್ಮ ಕೈಯಲ್ಲಿರಬೇಕು.

ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್ ವಕೀಲೆ (ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲಿರುವವರು):

ಹಿರಿಯರು ಹೇಳಿದ ಆ ಪಟ್ಟಿಯನ್ನು ಸಿದ್ಧಪಡಿಸುತ್ತ ಹೋದರೆ ಬಹಳಷ್ಟು ಪ್ರಕರಣಗಳು ಹೈಕೋರ್ಟಿನವರೆಗೆ ಹೋಗದೆಯೇ ಇತ್ಯರ್ಥವಾಗುತ್ತವೆ ಎಂಬುದು ನನ್ನ ಅನುಭವ.

ಒಂದು ಉದಾಹರಣೆ ಹೇಳುತ್ತೇನೆ. ಸಾಧಾರಣ ಕಳವಿನ ಆರೋಪ ಹೊತ್ತ ಕೂಲಿಕಾರನೊಬ್ಬನಿಗೆ ಜಾಮೀನು ಮಂಜೂರಾಗಿತ್ತು. ಪಹಣಿ ಹಿಡಿದು ಬಂದು ಭದ್ರತೆ ನೀಡುವವರು ಯಾರೂ ಇರಲಿಲ್ಲವಾದ್ದರಿಂದ ಆತ ಒಳಗೇ ಉಳಿದಿದ್ದ. ಆದೇಶದ ಪ್ರತಿ ಕಡತದಲ್ಲಿ ಭದ್ರವಾಗಿತ್ತು. ಅದು ಆತನಿಗೆ ತಿಳಿದೇ ಇರಲಿಲ್ಲ. ಇಂಥವರಿಗಾಗಿಯೇ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶನಗಳನ್ನು ನೀಡಿದೆ. ಜಾಮೀನು ಆದೇಶವನ್ನು ಇ-ಮೇಲ್ ಮೂಲಕ ಸೆರೆಮನೆಗೆ ಕಳುಹಿಸಬೇಕು. 7 ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಸಲ್ಲಿಕೆಯಾಗದಿದ್ದರೆ ಷರತ್ತುಗಳನ್ನು ಸಡಿಲಿಸುವ ಕುರಿತು ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಪರಿಶೀಲಿಸಬಹುದು. ನಾನು ಬರೆದದ್ದು ಒಂದೂವರೆ ಪುಟದ ಮನವಿ, ಅಷ್ಟೆ. ಮೋತಿರಾಮ ಎಂಬ ಗಾರೆ ಕೆಲಸಗಾರನಿಂದ 10,000 ರೂಪಾಯಿಯ ಭದ್ರತೆ ಕೇಳಿ, ಆತನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನೂ ತಿರಸ್ಕರಿಸಿದ್ದ ಆದೇಶವನ್ನು 1978ರಲ್ಲೇ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದನ್ನು ಅದರಲ್ಲಿ ಉಲ್ಲೇಖಿಸಿದ್ದೆ.

ಇನ್ನೊಂದು ಲೆಕ್ಕವನ್ನು ತಪ್ಪದೆ ಹಾಕಿ. ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ನಿಗದಿಪಡಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದ ವಿಚಾರಣಾಧೀನ ಕೈದಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ, ಉಳಿದವರು ಅರ್ಧದಷ್ಟು ಕಳೆದಿದ್ದರೆ ಬಿಡುಗಡೆಗೆ ಪರಿಗಣಿತರಾಗುತ್ತಾರೆ. ಗರಿಷ್ಠ 3 ವರ್ಷದ ಶಿಕ್ಷೆಯಿರುವ ಆರೋಪಕ್ಕೆ ಮೊದಲನೆಯವರ ಅವಧಿ ಒಂದೇ ವರ್ಷ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಪಡಿಸಬಹುದಾದ ಅಪರಾಧಗಳಿಗೆ ಇದು ಅನ್ವಯಿಸದು. ಬೇರೆ ಪ್ರಕರಣಗಳೂ ಬಾಕಿಯಿದ್ದರೆ ತೊಡಕಿದೆ. ಬಂಧನದಲ್ಲಿರುವವರಿಗೆ, ಅವರ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಉಚಿತ ವಕೀಲರು ದೊರೆಯುತ್ತಾರೆ. ಆದ್ದರಿಂದ ಮೊದಲು ಪ್ಯಾನೆಲ್ಲಿಗೆ ಸೇರಿಕೊಳ್ಳಿ.

ನಿವೃತ್ತ ಶಿರಸ್ತೇದಾರ:

ಕೋಪಿಸಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. ನಾನು ಕಡತಗಳ ನಡುವೆ ಮೂವತ್ತು ವರ್ಷ ಕಳೆದವನು. ವಾಯಿದೆ ಕೇಳುವವರು ಹೆಚ್ಚಾಗಿ ವಕೀಲರೇ. ಸಾಕ್ಷಿ ಬೆಳಗ್ಗೆಯೇ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿರುವಾಗ ‘ಹಿರಿಯರು ಬೇರೆ ನ್ಯಾಯಾಲಯದಲ್ಲಿದ್ದಾರೆ’ ಎಂಬ ಮಾತನ್ನು ನಾನು ಎಷ್ಟು ಬಾರಿ ಬರೆದುಕೊಂಡಿದ್ದೇನೋ ಲೆಕ್ಕವಿಲ್ಲ. ವಕೀಲರಿಗೆ ಮುಷ್ಕರ ಹೂಡುವ ಅಥವಾ ಕಲಾಪ ಬಹಿಷ್ಕರಿಸುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದ್ದರೂ ಬಹಿಷ್ಕಾರಗಳು ನಿಂತಿಲ್ಲ. ನಿಮ್ಮ ಐದಾರು ಮಂದಿಯ ಗುಂಪು ಆ ದಿನಗಳಲ್ಲಿ ಏನು ಮಾಡಲಿದೆ?

ಕಿರಿಯ ವಕೀಲ:

ಎಲ್ಲರಿಗೂ ಕೃತಜ್ಞತೆಗಳು. ಶಿರಸ್ತೇದಾರರ ಪ್ರಶ್ನೆಗೆ ನನ್ನ ಬಳಿ ಸುಲಭವಾದ ಉತ್ತರವಿಲ್ಲ. ವಕೀಲರ ಸಂಘದ ಬಹಿಷ್ಕಾರ ನಿರ್ಣಯವನ್ನು ಮೀರಿ ಒಳಹೋದ ಕಿರಿಯರಿಗೆ ಮರುದಿನ ಯಾವ ಹಿರಿಯರೂ ಕೆಲಸ ಕೊಡುವುದಿಲ್ಲ. ಕನಿಷ್ಠಪಕ್ಷ ಬಂಧನದಲ್ಲಿರುವವರ ಪ್ರಕರಣಗಳನ್ನು ಬಹಿಷ್ಕಾರದಿಂದ ಹೊರಗಿಡಬೇಕೆಂದು ಮುಂದಿನ ಸಭೆಯಲ್ಲಿ ಲಿಖಿತವಾಗಿ ಕೇಳುತ್ತೇವೆ. ಮೇಡಂ, ಸೆರೆಮನೆಯಿಂದ ಪಟ್ಟಿ ಪಡೆಯಲು ಮೊದಲ ಪತ್ರವನ್ನು ಅಧೀಕ್ಷಕರಿಗೆ ಬರೆಯಬೇಕೋ, ಪ್ರಾಧಿಕಾರದ ಕಾರ್ಯದರ್ಶಿಗೋ?

ಪ್ಯಾನೆಲ್ ವಕೀಲೆ:

ಕಾರ್ಯದರ್ಶಿಗೆ ಬರೆಯಿರಿ, ಅಧೀಕ್ಷಕರಿಗೆ ಪ್ರತಿ ಕಳುಹಿಸಿ. ಬಂಧನದ ದಿನಾಂಕ, ಆರೋಪಿಸಲಾದ ಕಲಮು, ಜಾಮೀನು ಆದೇಶದ ದಿನಾಂಕ, ಈ ಮೂರನ್ನು ಕೇಳಿದರೆ ಆರಂಭಕ್ಕೆ ಸಾಕು.