ಬಿ ಫಾರಂ ಯಾರು ಕೊಡೋದು?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ಅಜ್ಜನ ಮನೆ’. ಚಿಕ್ಕಮಗಳೂರಿನ ಆ ಮನೆ ಮಾರಿ ವರ್ಷಗಳೇ ಆದವು. ಗುಂಪಿನ ಹೆಸರು ಬದಲಾಯಿಸೋಣ ಅನ್ನುವ ಧೈರ್ಯ ಮಾತ್ರ ಇವತ್ತಿಗೂ ಯಾರಿಗೂ ಬಂದಿಲ್ಲ. 2019ರ ನವೆಂಬರ್ ಮೊದಲ ವಾರ ಈ ಗುಂಪಿಗೆ ಅಮೆರಿಕದ ಫ್ರೀಮಾಂಟ್‌ನಲ್ಲಿರುವ ಭಾವ ಒಂದು ಚಿತ್ರ ಹಾಕಿದರು, ಅಲ್ಲಿನ ಮುಂದಿನ ವರ್ಷದ ಅಧ್ಯಕ್ಷ ಚುನಾವಣೆಯ ಸಮೀಕ್ಷೆಯದು. ಆರು ರಾಜ್ಯಗಳ ಹೆಸರು, ಟ್ರಂಪ್ ಎದುರು ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಆಕಾಂಕ್ಷಿಗಳಾದ ಬೈಡನ್, ಸ್ಯಾಂಡರ್ಸ್, ವಾರೆನ್ ನಿಂತರೆ ಯಾರಿಗೆ ಎಷ್ಟು ಅಂತ ಅಂಕಿ. ಮೇಲೆ ಎರಡು ಬಾಣದ ಗುರುತು, ಅಂದರೆ ಊರೆಲ್ಲ ಸುತ್ತಿ ಬಂದ ಸರಕು.

ಭಾವ: ನೋಡಿ, ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ಬೈಡನ್ ಬಿಟ್ರೆ ಬೇರೆ ಯಾರೂ ಗೆಲ್ಲಲ್ಲ. ವಾರೆನ್ ನಿಂತ್ರೆ ಮಿಶಿಗನ್ನಲ್ಲಿ 6 ಪಾಯಿಂಟ್ ಹಿಂದೆ!!

ಚಿಕ್ಕಪ್ಪನ ಮಗ: ಭಾವ, ಮೂಲ?

ಇವನು ಬೆಂಗಳೂರಿನಲ್ಲಿ ಅಂಕಿ ಅಂಶದ ಕೆಲಸದಲ್ಲಿದ್ದಾನೆ. ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಒಳ್ಳೆಯದು ಅಂತ ಅಮ್ಮ ಬರೆದರೂ ಇವನ ಉತ್ತರ ಅದೇ ಒಂದು ಪದ.

ಭಾವ: ನ್ಯೂಯಾರ್ಕ್ ಟೈಮ್ಸ್ ಕಣೋ. ಸಿಯೆನಾ ಕಾಲೇಜ್ ಜೊತೆ ಮಾಡಿದ್ದು. ನಿನಗೆ ಅದೂ ಸಾಲಲ್ವಾ?

ಚಿಕ್ಕಪ್ಪನ ಮಗ: ಸಾಲುತ್ತೆ. ಆದ್ರೆ ಚಿತ್ರದ ಕೆಳಗಿನ ಸಾಲು ಎಲ್ಲಿ? ಎಷ್ಟು ಜನರನ್ನ ಕೇಳಿದ್ರು, ಹೆಚ್ಚುಕಮ್ಮಿ ಎಷ್ಟು ಅಂತ ಇರೋ ಸಾಲು. ಅದನ್ನ ಕತ್ತರಿಸಿದ್ದು ಯಾರು?

ಭಾವ: ನಾನು ಕತ್ತರಿಸಿಲ್ಲ. ಬಂದಿದ್ದೇ ಹಾಗೆ.

ಚಿಕ್ಕಪ್ಪನ ಮಗ: ಆರೂ ರಾಜ್ಯ ಸೇರಿ 3,700 ಚಿಲ್ಲರೆ ಜನ. ಒಂದೊಂದು ರಾಜ್ಯದಲ್ಲೂ ನಾಲ್ಕೈದು ಪಾಯಿಂಟ್ ಆಚೀಚೆ ಆಗ್ಬಹುದು. ಬೈಡನ್ ಪೆನ್ಸಿಲ್ವೇನಿಯಾದಲ್ಲಿ 3 ಪಾಯಿಂಟ್ ಮುಂದೆ ಅನ್ನೋದಕ್ಕೂ ಸಮಸಮ ಅನ್ನೋದಕ್ಕೂ ಏನು ವ್ಯತ್ಯಾಸ? ಅದೇ ಮಿಶಿಗನ್ನಲ್ಲಿ ಸ್ಯಾಂಡರ್ಸ್ ಬೈಡನ್‌ಗಿಂತ ವಾಸಿ ಇದ್ದಾರೆ, ಅದನ್ನ ಯಾಕೆ ಹೇಳ್ಲಿಲ್ಲ?

ಇಷ್ಟಾದರೂ ಚಿತ್ರ ಸುಳ್ಳಾಗಿರಲಿಲ್ಲ, ಗಮನಿಸಿ. ಸುಳ್ಳಾಗಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ನಿಜವಿದ್ದದ್ದರಿಂದ ಜಗಳ ಮೂರು ದಿನ ನಡೆಯಿತು.

ದೊಡ್ಡಪ್ಪ: ಪ್ರಾತಃಕಾಲದಲ್ಲಿ ವಾದ ಬೇಡ. ಚುನಾವಣೆ ಎಂದರೆ ಗೆಲ್ಲುವವರನ್ನು ಹುಡುಕುವುದಲ್ಲ, ಯೋಗ್ಯರನ್ನು ಹುಡುಕುವುದು.

ದೊಡ್ಡಪ್ಪ ಮಂಡ್ಯದಲ್ಲಿ ನಿವೃತ್ತ ಹೆಡ್‌ಮಾಸ್ಟರು. ಮೊಬೈಲಿನಲ್ಲೂ ಪೂರ್ಣವಿರಾಮ ತಪ್ಪುವುದಿಲ್ಲ. ಒಂದು ನಿಮಿಷ ಬಿಟ್ಟು ಅವರದೇ ಎರಡನೆಯ ಸಂದೇಶ.

ದೊಡ್ಡಪ್ಪ: ಅದಿರಲಿ, ಅಳಿಯಂದಿರೇ, ಈ ಮೂವರಲ್ಲಿ ಬಿ ಫಾರಂ ಯಾರಿಗೆ ಎಂದು ತೀರ್ಮಾನಿಸುವುದು ಯಾರು? ಅಲ್ಲಿ ಹೈಕಮಾಂಡ್ ಇಲ್ಲವೇ?

ಇಡೀ ಚರ್ಚೆಯಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ ಇತ್ತು. ಉತ್ತರ ಕೊಟ್ಟದ್ದು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮಕ್ಕ.

ಅಕ್ಕ: ಇಲ್ಲ ದೊಡ್ಡಪ್ಪ, ಇಲ್ಲಿ ಟಿಕೆಟ್ ಕೊಡೋದೂ ಜನಾನೇ. ಒಂದೊಂದು ರಾಜ್ಯಕ್ಕೆ ಒಂದೊಂದು ದಿನ. ಫೆಬ್ರವರಿ 3ಕ್ಕೆ ಅಯೋವಾ ಮೊದಲು. ಅಲ್ಲಿ ಪೆಟ್ಟಿಗೆಗೆ ಚೀಟಿ ಹಾಕಲ್ಲ, ಶಾಲೆ, ಚರ್ಚಲ್ಲಿ ಸೇರಿ ತಮ್ಮ ತಮ್ಮ ಅಭ್ಯರ್ಥಿ ಕಡೆ ಗುಂಪಾಗಿ ನಿಲ್ತಾರೆ. 15 ಪರ್ಸೆಂಟ್ ಜನ ಇಲ್ಲದ ಗುಂಪಿನವರು ಬೇರೆ ಗುಂಪಿಗೆ ಹೋಗ್ಬಹುದು. ನಮ್ಮ ನ್ಯೂಜೆರ್ಸಿ ಸರದಿ ಜೂನ್‌ಗೆ. ಅಷ್ಟೊತ್ತಿಗೆ ಊಟ ಮುಗಿದು ಎಲೆ ಎತ್ತಿರ್ತಾರೆ.

ದೊಡ್ಡಪ್ಪ: ಎಲ್ಲರೆದುರು ನಿಂತು ಹೇಳಬೇಕೇ? ಗುಪ್ತ ಮತದಾನವಿಲ್ಲವೇ? ಇದು ಸರಿಯಲ್ಲ.

ಚಿಕ್ಕಪ್ಪ: ಗುಪ್ತ ಮತದಾನ ಅಂದ್ರೆ ನೆನಪಾಯ್ತು. 78ರಲ್ಲಿ ಇಂದಿರಾಗಾಂಧಿ ನಮ್ಮೂರಿಗೆ ನಿಂತಾಗ ಅಜ್ಜ ಯಾರಿಗೆ ಹಾಕಿದ್ರು ಅಂತ ಸಾಯೋವರೆಗೂ ಬಾಯಿ ಬಿಡ್ಲಿಲ್ಲ.

ಇನ್ನು ಚಿಕ್ಕಪ್ಪನನ್ನು ಹಿಡಿಯುವವರಿಲ್ಲ. ಒಂದರ ಹಿಂದೊಂದು ಏಳು ಧ್ವನಿಸಂದೇಶ ಬಂದವು. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟದ್ದು, ಎದುರಿಗೆ ವೀರೇಂದ್ರ ಪಾಟೀಲರು, ದೇವರಾಜ ಅರಸರ ಓಡಾಟ, ಗೋಡೆ ಗೋಡೆಯ ಮೇಲೂ ‘ಏಕ್ ಶೇರ್ನಿ ಸೌ ಲಂಗೂರ್’, ನಮ್ಮ ಜಗಲಿ ಮೇಲೆ ಎರಡೂ ಪಕ್ಷದವರು ಬಂದು ಕಾಫಿ ಕುಡಿದು ಹೋದದ್ದು. ಆ ಜಗಲಿಯ ಕೆಂಪು ಗಾರೆ ನೆಲ ಕಾರ್ತಿಕದ ಚಳಿಗೆ ಹೇಗೆ ಕೊರೆಯುತ್ತಿತ್ತು ಅನ್ನುವುದಕ್ಕೇ ಒಂದು ಇಡೀ ಧ್ವನಿಸಂದೇಶ. ಬೈಡನ್, ವಾರೆನ್ ಎಲ್ಲರೂ ಮೇಲೆ ಸರಿದು ಕಣ್ಮರೆಯಾದರು.

ಚಿಕ್ಕಮ್ಮ: ಕಮಲಾ ಹ್ಯಾರಿಸ್ ಯಾಕಿಲ್ಲ ಆ ಪಟದಲ್ಲಿ? ಅವಳ ತಾಯಿ ತಮಿಳ್ರಲ್ವಾ, ನಮ್ಮ ಕಡೆ ಹುಡುಗಿ.

ಭಾವ: ಚಿಕ್ಕಮ್ಮ, ನಂಗೂ ಅವ್ರು ಇಷ್ಟಾನೇ. ಆದ್ರೆ ಅಮೆರಿಕದವರು ಓಟು ಹಾಕಲ್ಲ.

ಅಕ್ಕ: ನಾನು ಅಮೆರಿಕದವಳೇ ಭಾವ. ನಂಗೆ ಓಟಿದೆ. ನಿಮಗಿದೆಯಾ?

ಇದು ಸ್ವಲ್ಪ ಕೆಳಗೆ ಹೊಡೆದ ಏಟು. ಭಾವ ಗ್ರೀನ್‌ಕಾರ್ಡ್ ಸಾಲಿನಲ್ಲಿ ನಿಂತು ಎಷ್ಟು ಕಾಲವಾಯಿತು ಅನ್ನುವುದು ಗುಂಪಿಗೆಲ್ಲ ಗೊತ್ತು. ಎಚ್-1ಬಿ ವೀಸಾ ನವೀಕರಣ ಬಂದಾಗಲೆಲ್ಲ ಅವರ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಗೆಲ್ಲುವ ಕುದುರೆ ಯಾವುದು ಅನ್ನುವ ಲೆಕ್ಕಾಚಾರ ಅವರಿಗೆ ಹರಟೆಯಲ್ಲ. ಅದನ್ನು ಅವರೇ ಹೇಳಿಕೊಂಡಿದ್ದರೆ ಜಗಳ ಅಲ್ಲಿಗೇ ತಣ್ಣಗಾಗುತ್ತಿತ್ತೇನೋ. ಅವರು ಹೇಳಲಿಲ್ಲ.

ಚಿಕ್ಕಪ್ಪನ ಮಗ: ಭಾವ, 2016ರಲ್ಲಿ ಹಿಲರಿ ಗೆದ್ದಾಯ್ತು ಅಂತ ಮೈಸೂರುಪಾಕಿನ ಫೋಟೋ ಹಾಕಿದ್ದು ನೀವೇ ಅಲ್ವಾ?

ಭಾವ: ಅವತ್ತು ಎಲ್ಲಾ ಸರ್ವೆನೂ ಹಾಗೇ ಇತ್ತು.

ಚಿಕ್ಕಪ್ಪನ ಮಗ: ಅದೇ ನಾನೂ ಹೇಳ್ತಿರೋದು. 2007ರಲ್ಲಿ ಇದೇ ಹೊತ್ತಿಗೆ ಡೆಮಾಕ್ರಟ್‌ಗಳಲ್ಲಿ ಹಿಲರಿ ಮುಂದೆ, ರಿಪಬ್ಲಿಕನ್‌ಗಳಲ್ಲಿ ಜೂಲಿಯಾನಿ ಮುಂದೆ. ಜೂಲಿಯಾನಿ ಒಂದೇ ಒಂದು ರಾಜ್ಯ ಗೆಲ್ಲಲಿಲ್ಲ. ಒಬಾಮ ಗೆಲ್ಲಲ್ಲ ಅಂತ ಎಷ್ಟೋ ಜನ ಕಪ್ಪು ಮತದಾರರೇ ಅನುಮಾನಪಡ್ತಿದ್ರು. ಬಿಳಿಯರೇ ಹೆಚ್ಚಿರೋ ಅಯೋವಾ ಅವ್ರನ್ನ ಗೆಲ್ಲಿಸಿದ ಮೇಲೆ ಸೌತ್ ಕೆರೊಲಿನಾದ ಕಪ್ಪು ಮತದಾರರು ಅವ್ರ ಕಡೆ ತಿರುಗಿದ್ರು.

ಅಕ್ಕ: ಈ ಜೂನ್‌ನಲ್ಲಿ ಒಂದು ಸಮೀಕ್ಷೆ ಬಂದಿತ್ತು. ಇವತ್ತೇ ಓಟು ಅಂದ್ರೆ ಯಾರಿಗೆ ಅಂತ ಕೇಳಿದ್ರೆ ಬೈಡನ್ ಮುಂದೆ. ಮಂತ್ರದಂಡ ಬೀಸಿದ್ರೆ ಸಾಕು, ನಿಮಗೆ ಬೇಕಾದವರೇ ಅಧ್ಯಕ್ಷರಾಗ್ತಾರೆ, ಆಗ ಯಾರು ಅಂದ್ರೆ ವಾರೆನ್ ಮುಂದೆ. ಜನ ತಮಗೆ ಬೇಕಾದವ್ರನ್ನ ಬಿಟ್ಟು ಪಕ್ಕದ ಮನೆಯವ್ರಿಗೆ ಯಾರು ಬೇಕಾಗಬಹುದು ಅಂತ ಊಹೆ ಮಾಡಿ ಓಟು ಹಾಕ್ತಿದ್ದಾರೆ.

ಭಾವ: ಊಹೆ ಸರಿ ಇದ್ರೆ ತಪ್ಪೇನು? ಹೋದ ಸಲ ಮಿಶಿಗನ್ ಹೋಗಿದ್ದು 11,000ಕ್ಕಿಂತ ಕಮ್ಮಿ ಓಟಲ್ಲಿ.

ಭಾವನ ಈ ಮಾತಿನಲ್ಲಿ ಹುರುಳಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಮುಂದೆ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು ಆದಾಗ ಭಾವ ಗುಂಪಿನ ಕಡೆ ತಲೆ ಹಾಕಲಿಲ್ಲ. ಫೆಬ್ರವರಿ 29ಕ್ಕೆ ಸೌತ್ ಕೆರೊಲಿನಾ ಕೈಹಿಡಿದ ಮೇಲೆ ದಿನಕ್ಕೆ ಹತ್ತು ಫಾರ್ವರ್ಡ್. ಆದರೆ ಆ ನವೆಂಬರ್‌ನಲ್ಲಿ ಭಾವನ ಈ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಕಾರಣ ಅತ್ತೆ.

ಅತ್ತೆ ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಬಿಟ್ಟು ಬೇರೇನೂ ಹಾಕಿದವರಲ್ಲ.

ಅತ್ತೆ: ಪಕ್ಕದವರ ಮನಸ್ಸು ಊಹೆ ಮಾಡೋದು ನಮ್ಮನೇಲೂ ಆಗಿದೆ. ಮನೆ ಮಾರುವಾಗ ಎಲ್ಲರೂ ಒಪ್ಪಿದ್ದಾರೆ ಅಂತ ಅಣ್ಣ ಹೇಳಿದ್ರು. ನನ್ನನ್ನ ಯಾರು ಕೇಳಿದ್ರು?

ಐದು ನಿಮಿಷ ಎಲ್ಲರ ಹೆಸರಿನ ಕೆಳಗೂ ‘ಟೈಪ್ ಮಾಡುತ್ತಿದ್ದಾರೆ’.

ಚಿಕ್ಕಪ್ಪ: ನಂಗೂ ಮಾರೋದು ಇಷ್ಟ ಇರ್ಲಿಲ್ಲ. ಅಕ್ಕಂಗೆ ದುಡ್ಡಿನ ಅಡಚಣೆ ಅಂದ್ಕೊಂಡೆ.

ಅತ್ತೆ: ನನಗಾ? ನಿನಗೇ ಬೇಕಾಗಿದೆ ಅಂತ ನಾನು ಸುಮ್ಮನಿದ್ದೆ.

ದೊಡ್ಡಪ್ಪ: ಕೌಟುಂಬಿಕ ವಿಷಯಗಳನ್ನು ಈ ವೇದಿಕೆಯಲ್ಲಿ ಚರ್ಚಿಸುವುದು ಬೇಡ.

ಅಕ್ಕ: ದೊಡ್ಡಪ್ಪ, ಇದು ಕುಟುಂಬದ ಗುಂಪು.

ದೊಡ್ಡಪ್ಪ ಅದಕ್ಕೆ ಉತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ ರಾಜ್ಯದ ಉಪಚುನಾವಣೆಯ ಒಂದು ಪತ್ರಿಕಾ ತುಣುಕು ಹಾಕಿದರು. ಅನರ್ಹ ಶಾಸಕರ 15 ಕ್ಷೇತ್ರ, ಡಿಸೆಂಬರ್ 5ಕ್ಕೆ ಮತದಾನ. ಅದರ ಕೆಳಗೆ ಅವರ ತೀರ್ಪು: ‘ಕೆ.ಆರ್. ಪೇಟೆಯಲ್ಲಿ ಬಿಜೆಪಿ ಗೆಲ್ಲುವ ಪ್ರಶ್ನೆಯೇ ಇಲ್ಲ. ಮಂಡ್ಯ ಜಿಲ್ಲೆಯ ಜನರನ್ನು ನಾನು ಬಲ್ಲೆ.’ ಭಾವ ಹೆಬ್ಬೆರಳು ಎತ್ತಿದರು. ಚಿಕ್ಕಪ್ಪ ಕೈಮುಗಿದರು. ಮೂಲ ಕೇಳುವವನೂ ಸುಮ್ಮನಿದ್ದ, ಮನೆಯ ಮಾತು ಮತ್ತೆ ಏಳುವುದು ಯಾರಿಗೂ ಬೇಕಿರಲಿಲ್ಲ.

ಡಿಸೆಂಬರ್ 9ಕ್ಕೆ ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡರು ಗೆದ್ದು ಮಂಡ್ಯದಲ್ಲಿ ಬಿಜೆಪಿ ಖಾತೆ ತೆರೆಯಿತು. ಅಂದು ಗುಂಪಿಗೆ ಬಂದದ್ದು ಒಂದೇ ಸಂದೇಶ, ಅತ್ತೆಯದು: ‘ಅಣ್ಣ, ಮನೆ ಕೊಂಡವರ ಫೋನ್ ನಂಬರ್ ಇದ್ರೆ ಕೊಡಿ. ಒಂದು ಸಲ ಒಳಗೆ ಹೋಗಿ ನೋಡ್ಬೇಕು.’